ಏಳನೆಯ ಕಲೆ

ಮೂವತ್ತೊಂದು ವರ್ಷದಿಂದ ನನ್ನದು ಒಂದೇ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಗುಮ್ಮಟದ ಬಾಗಿಲು ಸರಿಸಿ, ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಹಲಗೆಯ ಮೇಲಿನ ಕಾಗದಕ್ಕೆ ಬೀಳಿಸಿ, ಅದರಲ್ಲಿ ಕಾಣುವ ಕಪ್ಪು ಕಲೆಗಳನ್ನು ಪೆನ್ಸಿಲ್‌ನಿಂದ ಗುರುತಿಸುವುದು. ನನ್ನ ಅಳಿಯನದೂ ಅದೇ ಸೂರ್ಯ. ಆದರೆ ಅವನು ಪಕ್ಕದ ಕಟ್ಟಡದ ಎ.ಸಿ. ಕೋಣೆಯಲ್ಲಿ ಕೂತು ಉಪಗ್ರಹ ಕಳಿಸಿದ ಚಿತ್ರ ನೋಡುತ್ತಾನೆ. ಬಿಸಿಲೇ ತಾಗದ ಸೂರ್ಯತಜ್ಞ!

ಆ ದಿನ ನಮ್ಮಿಬ್ಬರ ಚಿತ್ರಗಳನ್ನೂ ಹೋಲಿಸಿ ನೋಡಲು ವೀಕ್ಷಣಾಲಯದ ನಿರ್ದೇಶಕರು ಗುಮ್ಮಟಕ್ಕೇ ಬಂದರು. ಅಳಿಯ ಲ್ಯಾಪ್‌ಟಾಪ್ ಹಿಡಿದು ಹಿಂದೆಯೇ ಬಂದ. ನನ್ನ ಚಿತ್ರ ಹೊಂದದಿದ್ದರೆ ಕಣ್ಣು ಮಂಜಾಗಿದೆಯೆಂದು ಗುಮ್ಮಟಕ್ಕೆ ಬೀಗ. ಹೊಂದಿದರೆ ಒಂದೇ ಕೆಲಸಕ್ಕೆ ಇಬ್ಬರೇಕೆಂದು ಬೀಗ. ಅತ್ತ ದರಿ, ಇತ್ತ ಪುಲಿ. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಏಳು ಕಲೆ" ಎಂದೆ.

"ನಂದೂ ಏಳೇ ಅತ್ತೆ" ಎಂದ ಅಳಿಯ.

ಗುಮ್ಮಟ ಮುಚ್ಚುವ ಆದೇಶಕ್ಕೆ ಸಹಿ ಹಾಕಲು ನಿರ್ದೇಶಕರು ಪೆನ್ನು ತೆಗೆದರು. "ಸರಿಹೋಯ್ತಲ್ಲ! ಇನ್ನು ನೀವು ಮನೇಲಿ ಆರಾಮಾಗಿರಿ."

"ಸ್ವಲ್ಪ ತಡೀರಿ ಸರ್" ಎಂದು ಎರಡನ್ನೂ ಪಕ್ಕಪಕ್ಕ ಇಟ್ಟೆ. ಆರು ಕಲೆಗಳು ಅಚ್ಚೊತ್ತಿದಂತೆ ಒಂದೇ. ಏಳನೆಯದು ಮಾತ್ರ ನನ್ನದು ಎಡಕ್ಕೆ, ಅವನದು ಬಲಕ್ಕೆ.

"ಅತ್ತೆ, ಬೇಜಾರು ಮಾಡ್ಕೋಬೇಡಿ, ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

"ಕಣ್ಣಾ? ಬನ್ನಿ ಅಳಿಯಂದಿರೇ, ಪರೀಕ್ಷೆ ಮಾಡೇಬಿಡೋಣ!"

ಅನುಮಾನ ಬಂದರೆ ದೂರದರ್ಶಕವನ್ನು ಮೆಲ್ಲಗೆ ಅಲುಗಿಸಬೇಕು. ಸೂರ್ಯನ ಕಲೆಯಾದರೆ ಸೂರ್ಯನ ಜೊತೆಗೇ ಸರಿಯುತ್ತದೆ. ಆ ಬೆಳಿಗ್ಗೆ ಸಿಟ್ಟಿನಲ್ಲಿ ಅದನ್ನೇ ಮರೆತಿದ್ದೆ. ಈಗ ಅಲುಗಿಸಿದೆ. ಆರು ಸರಿದವು. ಏಳನೆಯದು ಇದ್ದಲ್ಲೇ ಕೂತಿತ್ತು. ಅಯ್ಯೋ, ಮಸೂರದ ಮೇಲಿನ ಧೂಳು! ಮೂವತ್ತೊಂದು ವರ್ಷದ ಮರ್ಯಾದೆ ಮಣ್ಣುಪಾಲಾಯಿತು. ಅಳಿಯ ಕೆಮ್ಮಿ ನಗು ನುಂಗಿದ.

"ಈಗ ನಿಮ್ದು ಅಲುಗಿಸಿ" ಎಂದೆ.

"ಉಪಗ್ರಹಾನಾ? ಅದನ್ನ ಹೇಗೆ ಅಲುಗಿಸೋದು ಅತ್ತೆ!"

"ಹಾಗಾದ್ರೆ ಹತ್ತು ದಿನದ ಚಿತ್ರ ತೆಗೀರಿ."

ಸೂರ್ಯ ತನ್ನ ಸುತ್ತ ತಾನು ತಿರುಗುವುದರಿಂದ ಅವನ ಕಲೆಗಳೂ ದಿನದಿನಕ್ಕೆ ಸರಿಯಬೇಕು. ಅಳಿಯನ ಏಳನೆಯದು ಹತ್ತು ದಿನದಿಂದ ಒಂದೇ ಕಡೆ ಠಿಕಾಣಿ ಹೂಡಿತ್ತು. ನನ್ನ ಹತ್ತು ಹಾಳೆಗಳಲ್ಲಿ ಅದರ ಸುಳಿವೇ ಇಲ್ಲ. ಅವನ ಮುಖ ಇಂಗು ತಿಂದ ಮಂಗನಂತಾಯಿತು.

"ಅಲ್ಲಿನ ಕ್ಯಾಮೆರಾ ಮೇಲೂ ಧೂಳು ಕೂತಿರಬೇಕು ಸರ್" ಎಂದು ಗೊಣಗಿದ.

ನಾನು ಬಟ್ಟೆ ತೆಗೆದು ಮಸೂರ ಒರೆಸಿದೆ. ನನ್ನ ಏಳನೆಯ ಕಲೆ ಮಾಯವಾಯಿತು. ಅದೇ ಬಟ್ಟೆಯನ್ನು ನಿರ್ದೇಶಕರತ್ತ ಚಾಚಿದೆ.

"ತಗೊಳ್ಳಿ ಸರ್. ಅವರದನ್ನ ಒರೆಸೋಕೆ ಯಾರನ್ನ ಮೇಲೆ ಕಳಿಸ್ತೀರಿ?"

ನಿರ್ದೇಶಕರು ಬಟ್ಟೆ ನೋಡಿದರು, ಅಳಿಯನನ್ನು ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು.

"ನಾಳೆ ಒಂಬತ್ತಕ್ಕೇ ಬರ್ತೀರಲ್ಲಮ್ಮ?"