ಅಕ್ಕೋರ ಎದುರಿನ ಪರೀಕ್ಷೆ

ಜಿಜಾಬಾಯಿ ಅಕ್ಕೋರು ಔರಾದಿನ ಹೈಸ್ಕೂಲಿನಲ್ಲಿ ಹೆಡ್ ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ನಿವೃತ್ತಿ ಶಾಲೆಗೆ ಮಾತ್ರ. ಬೀದರಿನ ಚಿದ್ರಿಯಲ್ಲಿ ಮಗನ ಮನೆಗೆ ಬಂದ ಮೇಲೂ ಅವರ ಕಣ್ಣಿನ ನೌಕರಿ ನಡೆದೇ ಇತ್ತು. ಪರೀಕ್ಷೆಯ ದಿನ ಹುಡುಗಿಯರ ಜಡೆ ಬಿಚ್ಚಿಸಿ ಚೀಟಿ ಹುಡುಕಿದ ಹೆಂಗಸು ಆಕೆ. ಜೀವಮಾನವೆಲ್ಲ ಚೀಟಿ ಹುಡುಕಿದವರಿಗೆ ಊರೆಲ್ಲ ಕಾಪಿ ಹೊಡೆಯುತ್ತಿರುವಂತೆ ಕಾಣುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಅವರ ಸೊಸೆ ಮಾಯಾ ಭಾಲ್ಕಿಯ ಹುಡುಗಿ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗಿರಲಿಲ್ಲ. ಯುಗಾದಿಯ ದಿನ, ಎಲ್ಲರೂ ಊಟಕ್ಕೆ ಕೂತಾಗ, ಅಕ್ಕೋರು ಸಾರು ಬಡಿಸಿದಷ್ಟೇ ಸಲೀಸಾಗಿ ಹೇಳಿಬಿಟ್ಟರು: “ಬುದ್ಧ ಪೌರ್ಣಿಮಾ ತನಕ ನೋಡ್ತೇನಿ. ಆಮ್ಯಾಲ ನೀ ನಿಮ್ಮಪ್ಪನ ಮನಿಗಿ ಹೋಗು. ನನ್ನ ಮಗಗ ಬ್ಯಾರೆ ಹೆಣ್ಣು ತರ್ತೇನಿ.” ಮಗ ಸುಶೀಲಕುಮಾರ ಹೋಳಿಗೆ ಮುರಿಯುತ್ತ ಕೂತಿದ್ದ. ಬಾಯಿ ಇದ್ದದ್ದು ಹೋಳಿಗೆ ತಿನ್ನಲಿಕ್ಕೆ ಮಾತ್ರ.

ಪೌರ್ಣಿಮೆಗೆ ವಾರ ಉಳಿದಿರುವಾಗ ಮಾಯಾಳ ಮುಟ್ಟು ನಿಂತಿತು. ಕೆಲವು ದಿನ ಯಾರಿಗೂ ಹೇಳದೆ ಕಾದಳು. ಒಂದು ಬೆಳಿಗ್ಗೆ ಎದ್ದವಳೇ, ಬಾಯಿಗೆ ನೀರು ಸಹ ಹಾಕದೆ, ಮೆಡಿಕಲ್ಲಿನಿಂದ ತರಿಸಿಟ್ಟಿದ್ದ ಕಿಟ್ಟಿನ ಮೇಲೆ ಮೂತ್ರದ ಹನಿ ಬಿಟ್ಟು ನೋಡಿದಳು. ಒಂದು ಗೆರೆ ಬಂತು. ಅದರ ಪಕ್ಕದಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವ ಹಾಗೆ, ಇನ್ನೊಂದು ತಿಳಿಗುಲಾಬಿ ಗೆರೆ ಮೂಡಿತು. ಮಾಯಾ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತಳು. ಅಷ್ಟು ಸಂತೋಷ ಅವಳಿಗೆ ತಡೆಯಲಿಕ್ಕೇ ಆಗಲಿಲ್ಲ.

ಸುಶೀಲಕುಮಾರ ಕುಣಿಯುತ್ತ ತಾಯಿಯ ಬಳಿಗೆ ಓಡಿದ. ತಾಯಿ ಕನ್ನಡಕ ಹಾಕಿಕೊಂಡು, ಕಿಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ ತಿರುವಿ ನೋಡಿದರು. ಔರಾದಿನಿಂದ ತವರಿಗೆ ಬಂದಿದ್ದ ಮಗಳು ವಿಶಾಖಾ ಪಕ್ಕದಲ್ಲೇ ನಿಂತಿದ್ದಳು. ಅವಳ ಗಂಡನ ಕಡೆಯ ಒಬ್ಬ ಹುಡುಗಿಯನ್ನು ತಮ್ಮನಿಗೆ ನೋಡಿ ಇಟ್ಟಿದ್ದವಳೇ ಅವಳು. ಅಂಥವಳ ಬಾಯಲ್ಲಿ ಒಳ್ಳೆಯ ಮಾತು ಬರುತ್ತದೆಯೇ?

“ಅವ್ವಾ, ಈ ಗೆರಿ ಸ್ಕೆಚ್ ಪೆನ್ನಿಲೆ ಎಳದಂಗ ಕಾಣಸ್ತದ,” ಎಂದಳು. “ಇಲ್ಲಾಂದ್ರ ಬಾಜು ಮನಿ ಹಮೀದುನ್ನಿಸಾಗ ಈಗ ಆರು ತಿಂಗಳು. ಇವರಿಬ್ಬರ ದೋಸ್ತಿ ನಿನಗ ಗೊತ್ತದ. ಆಕಿದೇ ತಂದು ಹಾಕ್ಯಾಳೇನೋ.”

ಹೇಳಿದರೆ ನಗು ಬರುತ್ತದೆ. ಆದರೆ ಅಕ್ಕೋರು ನಗಲಿಲ್ಲ. ಅವರಿಗೆ ಅದು ನೂರಕ್ಕೆ ನೂರು ಖರೆ ಎನಿಸಿತು. “ಬಾಗಿಲಾ ಹಾಕ್ಕೊಂಡು ಬರದ ಪೇಪರ್ ನಾ ಒಪ್ಪಂಗಿಲ್ಲ. ನನ್ನ ಕಣ್ಣೆದುರಿಗಿ ಆಗಬೇಕು. ಇವರಪ್ಪನೂ ಬರಲಿ, ನಾಳಿ ಸುಳ್ಳು ಅನಬಾರದು,” ಎಂದು ಭಾಲ್ಕಿಗೆ ಫೋನು ಮಾಡಿದರು. ಏತಕ್ಕೆಂದು ಹೇಳಲಿಲ್ಲ.

ಮಾಯಾಳ ಅಪ್ಪ ಮಾಣಿಕ ಮಧ್ಯಾಹ್ನದ ಬಿಸಿಲಿನಲ್ಲಿ ಬಸ್ಸು ಇಳಿದು ಬಂದ. ಬೀಗತಿ ತಾನಾಗಿ ಕರೆದಿದ್ದಾಳೆ ಅಂದರೆ ಶುಭ ಸುದ್ದಿಯೇ ಇರಬೇಕೆಂದು ಪಾಪದ ಮನುಷ್ಯ ಪೇಡೆ ತಂದಿದ್ದ. ಅದನ್ನು ಯಾರೂ ಕೈಯಿಂದ ಇಸಿದುಕೊಳ್ಳಲಿಲ್ಲ. ಪಡಸಾಲೆಯ ಕುರ್ಚಿಯ ಮೇಲೆ, ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಬಚ್ಚಲ ಬಾಗಿಲು ತೆರೆದೇ ಇತ್ತು. ಒಳಗೆ ಮಾಯಾ, ಹೊಸ್ತಿಲಲ್ಲಿ ಅತ್ತೆ, ಅತ್ತೆಯ ಹಿಂದೆ ನಾದಿನಿ. ಕೈಯಲ್ಲೊಂದು ಬಟ್ಟಲು ಕೊಟ್ಟು ಕೂಡು ಅಂದರು. ಕೂತಳು. ಎಷ್ಟು ಹೊತ್ತು ಕೂತರೂ ಒಂದು ಹನಿ ಬರಲಿಲ್ಲ. ಇಬ್ಬರು ಕಣ್ಣು ಬಿಟ್ಟು ನೋಡುತ್ತಿರುವಾಗ, ಪಡಸಾಲೆಯಲ್ಲಿ ಹಡೆದಪ್ಪ ಕೂತಿರುವಾಗ, ಯಾವ ಹೆಣ್ಣಿಗೆ ಬರುತ್ತದೆ?

“ಅತ್ತೀ, ಒಂದೀಟು ಬಾಗಿಲಾ ಮುಂದ ಮಾಡ್ರಿ. ನಿಮ್ಮ ಕಾಲಿಗಿ ಬೀಳ್ತೇನಿ.”

“ಬಾಗಿಲಾ ಹಾಕಂಗಿಲ್ಲ. ಬರವಲ್ದಾ? ನೀರು ಕುಡಿ.”

ವಿಶಾಖಾ ಚರಿಗೆ ತುಂಬಿ ತಂದಳು. ಮಾಯಾ ಕುಡಿದಳು. ಮತ್ತೆ ಕೂತಳು, ಬರಲಿಲ್ಲ. ಮತ್ತೊಂದು ಚರಿಗೆ ಬಂತು. ಕುಡಿದ ನೀರು ಗಂಟಲಿಗೆ ಬಂದು ಓಕರಿಸುವಂತಾದರೂ ಬಿಡಲಿಲ್ಲ. “ಮುಂಜಾನಿ ಎದ್ದಕೂಡ್ಲೆ ಬರೋದೇ ನೋಡಬೇಕಂತ ಡಬ್ಬಿ ಮ್ಯಾಲ ಬರದಾರ್ರೀ ಅತ್ತೀ,” ಎಂದು ಮಾಯಾ ಬಿಕ್ಕಿದಳು. “ಇನ್ನೊಂದು ಕಿಟ್ ಅದ. ನಾಳಿ ಮುಂಜಾನಿ ನೀವೇ ಬಂದು ಎಬ್ಬಸ್ರಿ. ಬೇಕಂದ್ರ ರಾತ್ರಿ ನಿಮ್ಮ ಬಾಜೂನೇ ಮಲಗ್ತೇನಿ.”

“ರಾತ್ರಿ ಎಲ್ಲಾ ಟೈಮ್ ಕೊಟ್ರ ನೀ ಯಾರದರ ತಂದಿಡ್ತಿ. ನನಗ ಕಲಸಬ್ಯಾಡ. ಕುಡಿ.”

ಹೊಟ್ಟೆ ಕೊಡದಂತೆ ಉಬ್ಬಿದ ಮೇಲೆ ತಡೆಯಲಾಗದೆ ಬಂತು. ಬಟ್ಟಲಲ್ಲಿದ್ದದ್ದು ನೋಡಿದರೆ ನಳದ ನೀರಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ, ಅಷ್ಟು ತೆಳ್ಳಗಿತ್ತು. ಅಕ್ಕೋರು ತಾವೇ ಹನಿ ಬಿಟ್ಟರು. ಗೋಡೆಯ ಗಡಿಯಾರ ನೋಡುತ್ತ ನಿಂತರು. ಬಂದದ್ದು ಒಂದೇ ಗೆರೆ.

ಸುಶೀಲಕುಮಾರ ಏನು ಕೆಲಸ ಮಾಡುತ್ತಿದ್ದ ಗೊತ್ತೇ? ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದ! ಬಣ್ಣದ ದ್ರಾವಣಕ್ಕೆ ನೀರು ಬೆರೆಸುತ್ತ ಹೋದರೆ ಬಣ್ಣ ಮಾಯವಾಗುತ್ತದೆ, ಆದರೆ ಬಣ್ಣದ ಪುಡಿ ಎಲ್ಲಿಗೂ ಹೋಗಿರುವುದಿಲ್ಲ ಎಂದು ವರ್ಷವರ್ಷವೂ ಹುಡುಗರಿಗೆ ಮಾಡಿ ತೋರಿಸುವ ಮನುಷ್ಯ. ಸುಡಲಿ ಆ ವಿದ್ಯೆ. ಬೆಳಿಗ್ಗೆ ಎರಡು ಗೆರೆ ಕಂಡ ಕಣ್ಣಿನಿಂದಲೇ ಈಗ ಒಂದು ಗೆರೆ ನೋಡಿ, ಹೆಂಡತಿಗೆ ಹೇಳಿದ: “ನನಗ ಯಾಕ ಹಿಂಗ ಮೋಸ ಮಾಡ್ದಿ ಮಾಯಾ?”

ಅಕ್ಕೋರು ಪಡಸಾಲೆಗೆ ಬಂದು ಕಿಟ್ಟನ್ನು ಮಾಣಿಕನ ಕೈಗೆ ಕೊಟ್ಟರು. “ನೋಡ್ರಿ ಬೀಗರ, ನಿಮ್ಮ ಮಗಳ ಹಣಿಬರ. ಕರಕೊಂಡು ಹೋಗ್ರಿ. ಆದ್ರ ಒಂದು ಮಾತು. ಆಕಿ ಮುಟ್ಟು ನಮ್ಮ ಮನಿಯಾಗೇ ಆಗಬೇಕು. ನಾಳಿ ಭಾಲ್ಕಿಯಾಗ ಯಾರದರ ಹಡದು, ಇದು ಸುಶೀಲಂದು ಅಂತ ನಮ್ಮ ಬಾಗಿಲಿಗಿ ತಂದು ಕುಂದ್ರಸಬಾರದು.”

ಆ ಮಾತು ಕೇಳಿ ಮಾಣಿಕ ಎದ್ದು ನಿಂತು ಬೀಗತಿಯ ಮುಖಕ್ಕೆ ಉಗುಳಬೇಕಿತ್ತು. ಉಗುಳಲಿಲ್ಲ. ಹೆಣ್ಣು ಕೊಟ್ಟವನಲ್ಲವೇ, ಉಗುಳು ನುಂಗಿ ಕೂತ.

ಸುಶೀಲಕುಮಾರ ಜಹೀರೋದ್ದೀನನ ಮೆಡಿಕಲ್ಲಿಗೆ ಹೋದ. ಮುಟ್ಟು ತರಿಸುವ ಗುಳಿಗೆ ಕೇಳಿದ. ಜಹೀರೋದ್ದೀನ ಡಾಕ್ಟರ ಚೀಟಿ ಕೇಳಲಿಲ್ಲ, ಒಂದೇ ಪ್ರಶ್ನೆ ಕೇಳಿದ: “ಪೇಟ್‌ ಸೆ ಇಲ್ಲಲ್ಲಾ ಸರ್? ಬಸುರಿದ್ರ ಈ ಗುಳಿಗಿ ತಗೋಬಾರದು, ಇಳಿದು ಹೋಗ್ತದ.”

“ಇಲ್ಲ, ಟೆಸ್ಟ್ ಮಾಡೀವಿ,” ಎಂದ ಕೆಮಿಸ್ಟ್ರಿ ಮಾಸ್ತರ.

ಮಾಯಾ ಗುಳಿಗೆ ಮುಟ್ಟಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ನಾಳೆ ಬೆಳಿಗ್ಗೆ ನೋಡ್ರಿ, ನಾಳೆ ಬೆಳಿಗ್ಗೆ ಒಂದು ಸಲ ನೋಡ್ರಿ ಎಂದು ಒಬ್ಬೊಬ್ಬರ ಮುಖ ನೋಡಿ ಕೇಳಿದಳು. ಗಂಡ ಕಿಟಕಿಯ ಕಡೆ ತಿರುಗಿದ. ಕೊನೆಗೆ ಅಪ್ಪನ ಮೊಣಕಾಲು ಹಿಡಿದಳು. “ಬಾಬಾ, ನನಗ ಗೊತ್ತದ. ಖರೇನೇ ಅದ. ನಿಮ್ಮ ಆಣಿ. ಒಂದೇ ಒಂದು ರಾತ್ರಿ ಕೇಳ್ರಿ ಅವರಿಗಿ.”

ಮಾಣಿಕನಿಗೆ ಆ ಮನೆಯಲ್ಲಿ ಇನ್ನೊಂದು ಗಳಿಗೆ ಕೂಡುವುದು ಆಗುತ್ತಿರಲಿಲ್ಲ. ಮರ್ಯಾದೆ ಹೋದ ಜಾಗದಿಂದ ಎದ್ದು ಓಡಿದರೆ ಸಾಕಾಗಿತ್ತು. ಮಗಳ ತಲೆಯ ಮೇಲೆ ಕೈ ಇಟ್ಟು, ಬಹಳ ಮೆತ್ತಗೆ ಹೇಳಿದ: “ನುಂಗವ್ವಾ. ಇರದಿದ್ರ ಏನೂ ಆಗಂಗಿಲ್ಲ. ಅವರು ಕಣ್ಣಾರೆ ನೋಡ್ಯಾರ. ಓದಿದವರು ಸುಳ್ಳು ಯಾಕ ಹೇಳ್ತಾರ? ನುಂಗು, ಹೋಗಾಮು.”

ಅತ್ತೆ ಬೈದಾಗ ನುಂಗಲಿಲ್ಲ, ಗಂಡ ಹೇಳಿದಾಗ ನುಂಗಲಿಲ್ಲ. ಅಪ್ಪ ಹೇಳಿದ್ದಕ್ಕೆ ನುಂಗಿದಳು. ಅಕ್ಕೋರು ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದರು. ಮುಟ್ಟು ಕಾಣುವ ತನಕ ಅಪ್ಪ ಮಗಳಿಬ್ಬರನ್ನೂ ಹೊರಡಗೊಡಲಿಲ್ಲ, ಮರುದಿನವೂ ಡಬ್ಬಿಯಲ್ಲಿ ಉಳಿದದ್ದನ್ನು ಹಾಗೆಯೇ ಕೊಟ್ಟರು. ಅಷ್ಟೊತ್ತಿಗೆ ಮಾಯಾ ಬೇಡ ಅನ್ನುವುದನ್ನೂ ಬಿಟ್ಟಿದ್ದಳು.

ರಕ್ತ ಶುರುವಾದದ್ದು ನಿಲ್ಲಲಿಲ್ಲ. “ಆಯ್ತಲ್ಲಾ, ಮುಟ್ಟು!” ಎಂದು ವಿಶಾಖಾ ಚಪ್ಪಾಳೆ ತಟ್ಟುವುದೊಂದು ಬಾಕಿ. ಸಂಜೆಯಾಗುವ ಹೊತ್ತಿಗೆ ಚಾಪೆ ನೆನೆದು, ಮಾಯಾ ಕಣ್ಣು ಮೇಲೆ ಮಾಡಿದ್ದನ್ನು ಕಂಡು ಮಾಣಿಕ ಓಣಿಯಲ್ಲಿ ಬೊಬ್ಬೆ ಹೊಡೆದ. ಹಮೀದುನ್ನಿಸಾಳ ಗಂಡ ತನ್ನ ಆಟೋ ತಂದ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ರಕ್ತ ಏರಿಸಿ ಜೀವ ಉಳಿಸಿದರು.

ಡಾಕ್ಟರಮ್ಮ ಹೊರಗೆ ಬಂದು ಸುಶೀಲಕುಮಾರನನ್ನು ನಿಲ್ಲಿಸಿ ಕೇಳಿದರು. “ಗರ್ಭ ಇತ್ತು. ರಕ್ತದ ಟೆಸ್ಟಿನ್ಯಾಗ ಈಗಲೂ ತೋರಸ್ತದ. ಇಲ್ಲ ಅಂತ ಹ್ಯಾಂಗ ತಿಳಕೊಂಡ್ರಿ?” ಅವನು ತೊದಲುತ್ತ ಎಲ್ಲ ಹೇಳಿದ. ಡಾಕ್ಟರಮ್ಮ ಹಣೆ ಹಣೆ ಬಡಿದುಕೊಂಡರು. “ಇಷ್ಟು ಶುರುವಿನ್ಯಾಗ, ಹೊಟ್ಟಿ ತುಂಬ ನೀರು ಕುಡಸಿ ನೋಡಿದ್ರ ಗೆರಿ ಎಲ್ಲಿಂದ ಬರ್ತದರೀ? ಒಂದು ಮುಂಜಾನಿ ತಡಿಲಿಕ್ಕ ಆಗಲಿಲ್ಲೇನು ನಿಮಗ?”

ಸುಶೀಲಕುಮಾರ ತಾಯಿಗೆ ಫೋನು ಮಾಡಿ ಅಷ್ಟನ್ನೂ ಹೇಳಿದ.

ಬೆಳಿಗ್ಗೆ ಅಕ್ಕೋರು ಇಸ್ತ್ರಿ ಮಾಡಿದ ಸೀರೆ ಉಟ್ಟು ಆಸ್ಪತ್ರೆಗೆ ಬಂದರು. ಅಳಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ಮಂಚದ ಪಕ್ಕ ನಿಂತು, ಸೊಸೆಯ ಹೊದಿಕೆ ಸರಿಪಡಿಸಿದರು.

“ಆಗಿದ್ದು ಆಯ್ತು. ಹೊಟ್ಟಿ ನಿಲ್ತದ ಅಂತ ಈಗ ಖಾತ್ರಿ ಆಯ್ತಲ್ಲಾ, ಅದು ಸಾಕು. ಔರಾದಿನ ಹುಡುಗಿ ಬ್ಯಾಡ ಅಂತ ವಿಶಾಖಾಗ ಹೇಳೀನಿ,” ಎಂದರು. ಆಮೇಲೆ ಮಾಣಿಕನ ಕಡೆ ತಿರುಗಿ, “ನಿಮ್ಮ ಮಗಳು ನಮ್ಮ ಮನಿಯಾಗೇ ಇರಲಿ ಬೀಗರ. ನಾ ಇಟಗೋತೇನಿ.”

ಮಾಣಿಕನ ಕಣ್ಣಲ್ಲಿ ದಳದಳ ನೀರು ಬಂತು. ಮಗಳ ಬಾಳು ಉಳಿಯಿತಲ್ಲ ಎಂಬ ಸಂತೋಷದಲ್ಲಿ ಎರಡೂ ಕೈ ಜೋಡಿಸಿದ. “ದೊಡ್ಡ ಮನಸು ಮಾಡಿದ್ರಿ ಅಕ್ಕೋರ. ನಿಮ್ಮ ಉಪಕಾರ ಸಾಯೋತನ ಮರಿಯಂಗಿಲ್ಲ.” ಮಗಳ ಭುಜ ಹಿಡಿದು ಎಬ್ಬಿಸತೊಡಗಿದ. “ಏಳವ್ವಾ ಮಾಯಾ. ಅತ್ತಿಯವರ ಕಾಲಿಗಿ ಬೀಳು.”

ಮಾಯಾ ಅಪ್ಪನ ಮುಖ ನೋಡಿದಳು. ಎದ್ದು ಕೂತಳು. ಕಾಲು ಕೆಳಗೆ ಬಿಟ್ಟಳು. ಬಗ್ಗಲಿಕ್ಕೆ ಹೋದವಳು ಹೊಟ್ಟೆಯ ನೋವಿಗೆ ಅರ್ಧಕ್ಕೇ ನಿಂತುಬಿಟ್ಟಳು.

“ಇರಲಿ ಬಿಡ್ರಿ,” ಎಂದರು ಅಕ್ಕೋರು. “ಮನಿಗಿ ಬಂದ ಮ್ಯಾಲ ಬೀಳಲಿ.”