ಪಳಗಿದ ಮೂಗು

ಆಳಂದದಲ್ಲಿ ವಕೀಲ ವ್ಯಂಕಟೇಶನ ಹೊಸ ಮನೆಗೆ ಬಣ್ಣ ನಡೆದಿತ್ತು. ಸಾಗವಾನಿ ಬಾಗಿಲುಗಳ ಪಾಲಿಶ್ ಮೇಲೆ ಧೂಳಿನ ಕಣವೂ ಕೂಡಬಾರದೆಂದು ವಕೀಲನ ಅಪ್ಪಣೆಯಾಗಿತ್ತು. ಅದಕ್ಕೇ ಗುತ್ತೇದಾರ ಶ್ರೀಮಂತ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗೆ ಟೇಪು ಮೆತ್ತಿಸಿ, ಬಣ್ಣದ ಬೀರಣ್ಣನನ್ನು ಘಾಟು ಥಿನ್ನರ್ ಡಬ್ಬಿಯ ಜೊತೆ ಒಳಗೆ ಬಿಟ್ಟಿದ್ದ. ತಾನು ಮಾತ್ರ ಬೇವಿನ ನೆರಳಲ್ಲಿ ಮೋಟರ್ ಸೈಕಲ್ ಮೇಲೆ ಕುಳಿತಿದ್ದ. ಅವನ ಪಾಲಿಗೆ ಗಾಳಿ ಧಾರಾಳವಾಗಿತ್ತು.

ಬುತ್ತಿ ತಂದ ನಿಂಬೆವ್ವ ಗಂಡ ಬೀರಣ್ಣನನ್ನು ಕೂಗುವ ಮೊದಲು ಶ್ರೀಮಂತನ ತೊಡೆಯ ಮೇಲಿನ ಬೆಲ್ಲದ ಡಬ್ಬಿ ನೋಡಿದಳು. ಅವನು ದಿನಾ ಮಧ್ಯಾಹ್ನ ಬಣ್ಣದವರಿಗೆ ಒಂದೊಂದು ಚೂರು ಹಂಚುತ್ತಿದ್ದ. ಭೂಸನೂರ ಕಡೆಯ ಬೆಲ್ಲ ತಿಂದರೆ ಎದೆಯೊಳಗಿನ ಥಿನ್ನರೆಲ್ಲ ಇಳಿದುಹೋಗುತ್ತದಂತೆ. ಕೊಡುವಾಗ ದೊಡ್ಡ ಡಾಕ್ಟರನ ಠೀವಿ ಬೇರೆ.

“ಹೋದ ವಾರ ನಿನ್ನ ಕಾಕಾ ಏಣಿ ಮ್ಯಾಲಿಂದ ಬಿದ್ದ. ಮೊನ್ನೆ ಮನೀ ದಾರಿ ಮರ್ತು ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ದ. ಖಿಡಕಿ ತೆಗಿ ಅಂದ್ರ ನೀ ಬೆಲ್ಲ ಕೊಡ್ತಿ,” ಅಂದಳು.

“ಕಾಕಾಗ ಏನೂ ಆಗಂಗಿಲ್ಲ ಕಾಕಿ. ಮೂಗು ಪಳಗ್ಯಾದ.”

ಅವಳನ್ನು ಸುಡುತ್ತಿದ್ದುದು ಇದೇ ಮಾತು. ಅದನ್ನು ಹುಟ್ಟಿಸಿದವನೂ ಅವಳ ಗಂಡನೇ. ಹೊಸಬರು ತಲೆ ತಿರುಗಿ ವಾಂತಿ ಮಾಡಿಕೊಂಡರೆ ಬೀರಣ್ಣ ನಗುತ್ತಿದ್ದ. ತನಗೆ ವಾಸನೆಯೇ ಬರುವುದಿಲ್ಲ, ಉಸ್ತಾದ ಅಂದರೆ ಹೀಗಿರಬೇಕು ಅನ್ನುತ್ತಿದ್ದ. ನಿನ್ನೆ ಸಂಜೆ ಒಲೆಯ ಮೇಲೆ ಹಾಲು ಹೊತ್ತಿ ಮನೆಯೆಲ್ಲ ಕಮರು ವಾಸನೆ ಹಿಡಿದಾಗಲೂ ಈ ಉಸ್ತಾದ ಪಕ್ಕದಲ್ಲೇ ಆರಾಮವಾಗಿ ಕುಳಿತಿದ್ದ. ಆಗಲೇ ನಿಂಬೆವ್ವ ಇವತ್ತಿನ ಬುತ್ತಿ ಏನೆಂದು ನಿಶ್ಚಯಿಸಿದ್ದಳು.

ಬೀರಣ್ಣ ಕೆಂಗಣ್ಣು ಒರೆಸಿಕೊಳ್ಳುತ್ತ ಬಂದು ಮೆಟ್ಟಿಲ ಮೇಲೆ ಕುಳಿತ. ಅವಳು ಬೇಳೆಯ ಡಬ್ಬಿ ತೆರೆದಳು. ಅಷ್ಟು ದೂರದಲ್ಲಿದ್ದ ಶ್ರೀಮಂತ ಟವೆಲ್ ಎತ್ತಿ ಮೂಗಿಗೆ ಹಿಡಿದ.

“ಏನ್ ತಂದೀ ಕಾಕಿ? ಇಲಿ ಸತ್ತದೇನು?”

ಬೀರಣ್ಣ ಒಮ್ಮೆ ಅವನನ್ನು, ಒಮ್ಮೆ ಹೆಂಡತಿಯನ್ನು ನೋಡಿದ. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿದ. “ನಿನಗೇನ್ ಗೊತ್ತಲೇ. ಒಗ್ಗರಣಿ ಘಮ್ ಅನ್ನಾಕತ್ತದ,” ಅಂದ.

ತುತ್ತು ಬಾಯಿಗೆ ಹೋಗುವ ಮೊದಲೇ ನಿಂಬೆವ್ವ ಅವನ ಕೈ ಹಿಡಿದಳು.

“ಹಳಸಿ ನೊರಿ ಬಂದದ. ನಾಯಿ ಸೈತ ಮೂಸಿ ಹೋತು. ಮೂಗು ಪಳಗಿಲ್ಲ, ಸತ್ತದ. ಮುಂದ ಯಾವುದು ಸಾಯ್ತದ ಅಂತ ಇವನ ಬೆಲ್ಲಕ್ಕ ಕೇಳು.”

ಬೀರಣ್ಣ ಎದ್ದು ಶ್ರೀಮಂತನ ಡಬ್ಬಿಯಿಂದ ಒಂದು ಚೂರು ಬೆಲ್ಲ ತೆಗೆದು ಮೂಗಿಗೆ ಹಿಡಿದ. ಉಸಿರೆಳೆದ. ಇನ್ನೊಮ್ಮೆ ಎಳೆದ. ತಿರುಗಿ ಡಬ್ಬಿಯಲ್ಲಿ ಹಾಕಿದ.

“ಎಲ್ಲಾ ಖಿಡಕಿ ತೆಗದ್ರ ಬ್ರಶ್ ಹಿಡೀತೇನಿ. ಇಲ್ಲಾಂದ್ರ ನೀನೇ ಬೆಲ್ಲ ತಿನ್ಕೋತ ಬಣ್ಣ ಹೊಡಿ.”

“ಧೂಳ ಕುಂಡರ್ತದ ಕಾಕಾ. ವಕೀಲ್ ಸಾಹೇಬ್ರು ನನ್ನ ಚರ್ಮ ಸುಲೀತಾರ.”

“ಸುಲೀಲಿ. ನಿಂದು ಹ್ಯಾಂಗೂ ದಪ್ಪ ಅದ,” ಅಂದಳು ನಿಂಬೆವ್ವ.

ಶ್ರೀಮಂತ ಸಿಟ್ಟಿನಿಂದ ಒಳಗೆ ನುಗ್ಗಿದ. ನುಗ್ಗಿದಷ್ಟೇ ಬೇಗ ಕೆಮ್ಮುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಹೊರಬಂದ. ಬೆಲ್ಲದ ಡಬ್ಬಿ ಕೈಯಲ್ಲೇ ಇತ್ತು. ಮೂಗಿಗೆ ಟವೆಲ್ ಬಿಗಿದುಕೊಂಡು ತಿರುಗಿ ಒಳಗೆ ಹೋದ. ಟೇಪು ಕೀಳುವ ಸಪ್ಪಳ ಕೇಳಿಸಿತು.

ನಿಂಬೆವ್ವ ಇನ್ನೊಂದು ಗಂಟು ಬಿಚ್ಚಿದಳು. ಬಿಸಿ ರೊಟ್ಟಿ, ಶೇಂಗಾ ಚಟ್ನಿಹಿಂಡಿ ಇದ್ದವು. ಬೀರಣ್ಣ ಕೈ ಚಾಚಿ ಹಿಂದಕ್ಕೆಳೆದುಕೊಂಡ.

“ಇದು ಚಲೋ ಅದ, ಹೌದಿಲ್ಲೋ?”

“ತಿನ್ನು, ಉಸ್ತಾದ,” ಅಂದಳು. “ನನ್ನ ಮೂಗು ಇನ್ನೂ ಪಳಗಿಲ್ಲ.”