ಒಂದು ಕಾಫಿ, ಬೈ ಟೂ

ಹೆಣ್ಣು ನೋಡುವ ಶಾಸ್ತ್ರವನ್ನು ತಂದು ಫ್ರೆಂಚ್ ಪಿಕ್ಚರಿಗೆ ಗಂಟು ಹಾಕಿದ್ದು ಅನಂತಪದ್ಮನಾಭರ ತಲೆ. ಮನೆಗೆ ಕರೆದು, ಉಪ್ಪಿಟ್ಟು ಕೇಸರಿಬಾತು ಕೊಟ್ಟು, ಹುಡುಗಿಯನ್ನು ಬೊಂಬೆಯ ಹಾಗೆ ಕೂರಿಸುವುದು ಓಬೀರಾಯನ ಕಾಲದ ಅಸಹ್ಯ ಎಂದು ಅವರ ಮತ. ಭಾನುವಾರ ಬೆಳಗ್ಗೆ ತ್ಯಾಗರಾಜನಗರದ ಫಿಲಂ ಸೊಸೈಟಿಯಲ್ಲಿ ಎರಡೂ ಮನೆಯವರು ಜೊತೆಗೆ ಕೂತು ಸಿನಿಮಾ ನೋಡುವುದು, ಆಮೇಲೆ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಮಾತಾಡುವುದು ಎಂದು ಅವರೇ ಗೊತ್ತುಮಾಡಿದರು. ಹೆಂಡತಿ ಪಂಕಜಾ ಬೇಡವೆಂದರು. ಪಂಕಜಾ ಬೇಡವೆಂದದ್ದು ಆ ಮನೆಯಲ್ಲಿ ಯಾವತ್ತು ನಿಂತಿದೆ?

ಯಡಿಯೂರಿನ ಆ ಮನೆಯಲ್ಲಿ ಹೊಗಳುವುದೆಂದರೆ ಪೆದ್ದರ ಕೆಲಸ. ಸಿನಿಮಾ ಆಗಲಿ, ಸಂಗೀತ ಕಚೇರಿಯಾಗಲಿ, ನೆಂಟರ ಮನೆಯ ಮದುವೆಯಾಗಲಿ, ಹೋಗಿ ಬಂದ ಮೇಲೆ ತಿಂಡಿಗೆ ಕೂತು ಅದರ ಚರ್ಮ ಸುಲಿಯಬೇಕು. ಎಲ್ಲರಿಗಿಂತ ಚೂಪಾಗಿ ಆಡಿಕೊಂಡವರಿಗೆ ಅಪ್ಪ ತಮ್ಮ ದೋಸೆಯ ಗರಿಗರಿ ಅಂಚನ್ನು ಮುರಿದು ಕೊಡುತ್ತಿದ್ದರು. ಮಗಳು ತನ್ಮಯಿ ಚಿಕ್ಕಂದಿನಿಂದ ಆ ಅಂಚು ತಿಂದೇ ಬೆಳೆದವಳು. ಈಗ ಮೂವತ್ತು ದಾಟಿದೆ. ಜಯನಗರದ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮು ಪರೀಕ್ಷಿಸುವ ಕೆಲಸ. ಆಸ್ಪತ್ರೆಯ ಬಿಲ್ಲು ಹಿಡಿದು ಬಂದವರನ್ನು ನಂಬದೇ ಇರುವುದಕ್ಕೆ ಸಂಬಳ. ಹಿಂದೆ ಬಂದ ಗಂಡುಗಳೆಲ್ಲ ಅವಳ ನಾಲಗೆಗೆ ಸಿಕ್ಕಿ ಹಣ್ಣುಗಾಯಿ ನೀರುಗಾಯಿ ಆಗಿ ಹೋಗಿದ್ದರು.

ಈ ಸಲದ ಕಥೆ ಬೇರೆ. ಜೆ.ಪಿ. ನಗರದ ಶ್ರೀಕರ್ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುವವನು. ಕೆಲವು ವಾರಗಳಿಂದ ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳ ಮಾತು ಮುಗಿಯುವ ತನಕ ಅವನು ಕಾಯುತ್ತಿದ್ದ. ಹಾಗೆ ಕಾಯುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ದೇವರು ದಿಂಡರನ್ನೂ ಬಿಡದೆ ಆಡಿಕೊಳ್ಳುವ ಈ ಮಹಾರಾಯಿತಿ, ಯಾರಿಗೂ ಹೇಳದೆ ಬನಶಂಕರಿಗೆ ಹೋಗಿ, ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ, ಈ ಸಂಬಂಧ ಕೂಡಿಬರಲಿ ತಾಯಿ ಎಂದು ಬೇಡಿಕೊಂಡು ಬಂದಿದ್ದಳು.

ಶ್ರೀಕರ್ ತನ್ನ ತಂದೆ ಅಚ್ಯುತರಾಯರ ಜೊತೆ ಬಂದ. ತಾಯಿ ತೀರಿಕೊಂಡು ಎರಡು ವರ್ಷವಾಗಿದೆ ಎಂಬುದು ಜಾತಕ ಬಂದಾಗಲೇ ಗೊತ್ತಾಗಿತ್ತು. ಸಿನಿಮಾ ಹಾಲಿನಲ್ಲಿ ತನ್ಮಯಿಯ ಒಂದು ಪಕ್ಕಕ್ಕೆ ಅಪ್ಪ, ಇನ್ನೊಂದು ಪಕ್ಕಕ್ಕೆ ಶ್ರೀಕರ್ ಕೂತರು.

ಪಿಕ್ಚರು ಕಪ್ಪು ಬಿಳುಪಿನದು, ಹೆಸರು ಯಾರ ಬಾಯಲ್ಲೂ ಹೊರಳದಂಥದ್ದು. ಸಮುದ್ರದ ದಡದ ಒಂದು ಊರು, ಅಲ್ಲಿ ಬೀದಿದೀಪ ಹಚ್ಚುವ ಒಬ್ಬ. ಸತ್ತುಹೋದ ಹೆಂಡತಿಗೆ ದಿನಾ ಒಂದು ತಟ್ಟೆ ಸೂಪು ಬಡಿಸಿಟ್ಟು ಮಲಗುತ್ತಾನೆ. ಊರವರು ನಗುತ್ತಾರೆ. ಒಂದು ಬೆಳಗ್ಗೆ ಎದ್ದು ನೋಡಿದರೆ ತಟ್ಟೆ ಖಾಲಿ. ಅಲ್ಲಿಂದ ಅವಳು ಬರತೊಡಗುತ್ತಾಳೆ, ಬೀದಿಯ ದೀಪ ಉರಿಯುವಷ್ಟು ಹೊತ್ತು ಇರುತ್ತಾಳೆ. ಕೊನೆಗೆ ಅವನು ಹಗಲಾದರೂ ದೀಪ ಆರಿಸುವುದನ್ನೇ ಬಿಟ್ಟುಬಿಡುತ್ತಾನೆ. ಅಷ್ಟೇ ಕಥೆ.

ಹಿಂದಿನ ಸಾಲಿನ ಕಾಲೇಜು ಹುಡುಗರು ಸಖತ್ ಬೋರು ಗುರು ಎಂದು ನಡುವೆಯೇ ಎದ್ದುಹೋದರು. ಮುಂದಿನ ಸಾಲಿನಿಂದ ಗೊರಕೆ ಕೇಳಿಸಿತು. ಸೊಸೈಟಿಯ ಕಾರ್ಯದರ್ಶಿ ಮಾತ್ರ ಬೆಳಕು, ನೆರಳು, ಮೌನ ಎಂದು ತಮಗೂ ಅರ್ಥವಾಗದ ಮಾತುಗಳನ್ನು ಮೊದಲೇ ಆಡಿ ಮುಗಿಸಿದ್ದರು. ಅನಂತಪದ್ಮನಾಭರು ಕೂತಷ್ಟು ಹೊತ್ತೂ ಲೊಚಗುಟ್ಟಿದರು. ತನ್ಮಯಿಗಾದರೋ, ತಟ್ಟೆ ಖಾಲಿಯಾದದ್ದನ್ನು ಕಂಡು ಕಣ್ಣು ತುಂಬಿ ಬಂತು. ಕಣ್ಣೀರು ತಡೆಯಲಾಗದೆ ದುಪಟ್ಟಾದ ತುದಿಯಿಂದ ಒತ್ತಿಕೊಂಡಳು. ಅಳುವುದು ನಾಚಿಕೆಗೇಡು, ಅದೂ ಇಂಥ ಪಿಕ್ಚರಿಗೆ. ಅಪ್ಪ ನೋಡಿಬಿಟ್ಟರೇ ಎಂದು ಆ ಕಡೆ ಕಳ್ಳನೋಟ ಹಾಕಿದಳು. ಅವರು ಆಕಳಿಸುತ್ತಿದ್ದರು.

ಹೋಟೆಲಿನಲ್ಲಿ ಆರು ಜನ ಕೂರುವ ಮೇಜು ಸಿಕ್ಕಿತು. ದೋಸೆ ಬರುವ ಮೊದಲೇ ಅನಂತಪದ್ಮನಾಭರು ಕತ್ತಿ ಮಸೆದರು. ಹಗಲು ಹೊತ್ತಿನಲ್ಲಿ ದೀಪ ಉರಿಸಿದವನನ್ನು ಆ ಊರಿನ ಮುನಿಸಿಪಾಲಿಟಿಯವರು ಸಸ್ಪೆಂಡ್ ಮಾಡಬೇಕಿತ್ತು ಎಂದರು. ಪಾಪ, ಚೆನ್ನಾಗಿತ್ತು ಎಂದು ಪಂಕಜಾ ಮೆಲ್ಲಗೆ ಅಂದದ್ದಕ್ಕೆ, ನಿನಗೆ ಪಂಚಾಂಗದ ಜಾಹೀರಾತೂ ಚೆನ್ನಾಗಿಯೇ ಕಾಣುತ್ತೆ ಎಂದು ಬಾಯಿ ಮುಚ್ಚಿಸಿದರು. ಶ್ರೀಕರ್ ಅವಸರಪಡದೆ, ತನಗೆ ಪಿಕ್ಚರು ಹಿಡಿಸಿತು, ಅದರಲ್ಲೂ ಆ ತಟ್ಟೆ ಖಾಲಿಯಾಗುವ ಜಾಗ ಎಂದ. ಅಚ್ಯುತರಾಯರು ಮುಗುಳ್ನಕ್ಕರು.

ತನ್ಮಯಿಗೆ ಹಿಗ್ಗು. ಇನ್ನು ಇವನು ನಮ್ಮವನು, ನಮ್ಮ ಆಟಕ್ಕೂ ಇವನನ್ನು ಸೇರಿಸಿಕೊಳ್ಳಬೇಕು ಎನ್ನಿಸಿತು. ಪರರ ಮುಂದೆ ಸಭ್ಯತೆ, ನಮ್ಮವರ ಮುಂದೆ ವ್ಯಂಗ್ಯ. ಅವಳು ಕಂಡಿದ್ದ ಪ್ರೀತಿ ಅದೊಂದೇ. ಇದ್ದುದರಲ್ಲೇ ಚೂಪಾದದ್ದನ್ನು ಆರಿಸಿ ತೆಗೆದಳು.

"ತಟ್ಟೆ ಖಾಲಿ ಮಾಡಿದ್ದು ಬೆಕ್ಕು. ಬೆಕ್ಕು ನೆಕ್ಕೊಂಡು ಹೋಯ್ತು, ಇವನು ಲವ್ ಅಂದ್ಕೊಂಡ. ನಮ್ಮ ಆಫೀಸಿಗೆ ಬಂದಿದ್ರೆ ನೋಡಿದ ತಕ್ಷಣ ರಿಜೆಕ್ಟ್ ಮಾಡ್ತಿದ್ದೆ. ಹೋದೋರು ಹೋದ್ರು, ಸೂಪ್ ಯಾಕೆ ದಂಡ?"

ಅನಂತಪದ್ಮನಾಭರು ಮೇಜು ತಟ್ಟಿ ನಕ್ಕು, ದೋಸೆಯ ಅಂಚು ಮುರಿದು ಮಗಳ ತಟ್ಟೆಗೆ ಹಾಕಿದರು. ಅವಳು ಅದರಲ್ಲಿ ಅರ್ಧ ಮುರಿದು ಶ್ರೀಕರ್‌ಗೆ ನೀಡಿದಳು. ಆ ಮನೆಯ ಲೆಕ್ಕದಲ್ಲಿ ಅದು ತಾಂಬೂಲ ಬದಲಾಯಿಸಿಕೊಂಡಷ್ಟೇ ದೊಡ್ಡ ಮಾತು. ಅವನಿಗೇನು ಗೊತ್ತು? ಹೊಟ್ಟೆ ತುಂಬಿದೆ ಎಂದು ಕೈ ಅಡ್ಡ ಹಿಡಿದ.

ಅಚ್ಯುತರಾಯರು ಮಾಣಿಯನ್ನು ಕರೆದು, "ನಾಲ್ಕು ಫುಲ್ ಕಾಫಿ. ನಂಗೊಂದು ಬೈ ಟೂ" ಎಂದರು. ಸಕ್ಕರೆ ಕಾಯಿಲೆ ಇರಬೇಕು, ಅರ್ಧ ಸಾಕೇನೋ ಎಂದುಕೊಂಡಳು ತನ್ಮಯಿ. ಮಾಣಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ತಂದಿಟ್ಟ. ರಾಯರು ಒಂದನ್ನು ತಮ್ಮ ಮುಂದೆ ಇಟ್ಟುಕೊಂಡರು. ಇನ್ನೊಂದನ್ನು ಪಕ್ಕದ ಖಾಲಿ ಕುರ್ಚಿಯ ಮುಂದೆ ಸರಿಸಿದರು. ತಮ್ಮ ಪಾಲನ್ನು ಊದಿ ಆರಿಸಿಕೊಂಡು ಕುಡಿದರು. ಸ್ವಲ್ಪ ಹೊತ್ತು ಬಿಟ್ಟು, ತಣ್ಣಗಾಗಿದ್ದ ಆ ಲೋಟವನ್ನೂ ತಾವೇ ಕುಡಿದು ಮುಗಿಸಿದರು. ಯಾರಿಗೋ ತೋರಿಸುವುದಕ್ಕಲ್ಲ, ದಿನಾ ಚಪ್ಪಲಿ ಮೆಟ್ಟಿಕೊಂಡ ಹಾಗೆ.

ತನ್ಮಯಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಅಪ್ಪ ಕೊಟ್ಟ ಅಂಚು ಚಟ್ನಿಯಲ್ಲಿ ನೆನೆದು ಮೆತ್ತಗಾಯಿತು.

ಸಂಜೆ ರಾಯರ ಫೋನು ಬಂತು. ಹುಡುಗಿ ಬಹಳ ಬುದ್ಧಿವಂತೆ, ನಮ್ಮದು ಸಾದಾ ಮನೆ, ಹೊಂದುವುದು ಕಷ್ಟ ಎಂದು ಮರ್ಯಾದೆಯಿಂದ ಹೇಳಿ ಇಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅನಂತಪದ್ಮನಾಭರು ಮಾತ್ರ ಸೋಲುವವರೇ? ಕುರ್ಚಿಗೆ ಕಾಫಿ ಕುಡಿಸುವ ಮನೆಗೆ ಸೊಸೆ ಯಾಕೆ, ಇನ್ನೊಂದು ಕುರ್ಚಿ ತಂದರೆ ಸಾಕು ಎಂದು ಮಗಳ ಮುಖ ನೋಡಿದರು. ಅವಳು ನಗಲಿಲ್ಲ.

ಅಷ್ಟರಲ್ಲಿ ಪಂಕಜಾ ಅಡುಗೆಮನೆಯಿಂದ ಬಂದು, ಗಂಡನ ಕಾಫಿಯನ್ನು ಟೀಪಾಯಿಯ ಮೇಲೆ ಇಟ್ಟರು.

"ನಾನು ಹೋದ್ಮೇಲೆ ನೀವು ಫುಲ್ ಕಾಫಿನೇ ತರಿಸ್ಕೊಂಡು ಕುಡೀರಿ" ಎಂದರು. "ಆಡ್ಕೊಳ್ಳೋರು ಯಾರೂ ಇರಲ್ಲ."

ಅಷ್ಟು ಹೇಳಿ ಒಳಗೆ ಹೋಗಿ ಹುರುಳಿಕಾಯಿ ಹೆಚ್ಚಲು ಕೂತರು. ಜೀವಮಾನವಿಡೀ ಇತರರ ಚರ್ಮ ಸುಲಿದವರು ಟಿವಿಯ ರಿಮೋಟು ಹುಡುಕತೊಡಗಿದರು.

ತನ್ಮಯಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾನ ಮರ್ಯಾದೆ ಬದಿಗಿಟ್ಟು ಶ್ರೀಕರ್‌ಗೆ ಮೆಸೇಜು ಬರೆದಳು: "ಅಂಕಲ್ ಹತ್ರ ಕ್ಷಮೆ ಕೇಳ್ತೀನಿ. ಆ ಪಿಕ್ಚರ್ ನಂಗೂ ಇಷ್ಟ ಆಯ್ತು. ತಟ್ಟೆ ಖಾಲಿ ಆದಾಗ ನಾನು ಅತ್ತುಬಿಟ್ಟೆ. ಬೇಕಾದ್ರೆ ನಂಬಿ."

ಆಫೀಸಿನಲ್ಲಿ ಬಿಲ್ಲು ಹಿಡಿದು ತನ್ನ ಮುಂದೆ ಬಂದು ನಿಲ್ಲುವವರ ಹಾಗೆ ತಾನೂ ನಂಬಿ ಎಂದು ಬೇಡುತ್ತಿದ್ದೇನೆ ಎಂಬುದು ಕಳಿಸಿದ ಮೇಲೆ ಹೊಳೆಯಿತು. ಉತ್ತರ ಬೇಗ ಬಂತು.

"ನಂಬ್ತೀನಿ. ಪಕ್ಕದಲ್ಲೇ ಇದ್ನಲ್ಲ, ನೋಡಿದೆ. ನೀವು ಕಣ್ಣೊರೆಸ್ಕೊಂಡಾಗಲೇ ನಾನು ಮನಸ್ಸಲ್ಲಿ ಹೂಂ ಅಂದಿದ್ದೆ. ಅತ್ತವರೇ ಆಮೇಲೆ ಅದನ್ನ ಬೆಕ್ಕು ಅಂದ್ರಲ್ಲ, ಅದಕ್ಕೆ ಭಯ ಆಯ್ತು."

ಹೊರಗೆ ಅಪ್ಪ ಟಿವಿ ಹಾಕಿದ್ದರು. ಯಾರದೋ ಹಾಡನ್ನು ಬೈಯುತ್ತಾ, ಬಾ ಇಲ್ಲಿ, ಇವನ ಅವಸ್ಥೆ ನೋಡು ಎಂದು ಅವಳನ್ನು ಕರೆದರು. ಅವಳು ಎದ್ದು ಹೋಗಲಿಲ್ಲ.